ಈಗ ಹೊರಟ್ರೆ ಯಾವಾಗ ಬರ್ತೀಯಪ್ಪಾ?

ನಾನು ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಬಂದ ಹೊಸತರಲ್ಲಿ ದಾವಣಗೆರೆಯಿಂದ ಎರಡೇ ಪ್ರಶ್ನೆ ಬರುತ್ತಿದ್ದವು. ಅಪ್ಪ ಕೇಳುತ್ತಿದ್ದದ್ದು, "ಎಷ್ಟು ಕಿಲೋಮೀಟರ್ ಆಗುತ್ತೆ?" ಅಮ್ಮ ಕೇಳುತ್ತಿದ್ದದ್ದು, "ಈಗ ಹೊರಟ್ರೆ ಯಾವಾಗ ಬರ್ತೀಯಪ್ಪಾ?"

ಅಪ್ಪನ ಲೆಕ್ಕ ಸುಲಭ. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆಯೇ 40,000. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿಯೇ ಆಯ್ತಲ್ವಾ? ಆದರೆ ನೇರ ದಾರಿ ಉತ್ತರಕ್ಕೆ ಹೋಗುತ್ತೆ ಅಂದರೆ ಅವರು ಒಪ್ಪಲಿಲ್ಲ. ಗೋಡೆಯ ಮೇಲಿನ ಮ್ಯಾಪಿನಲ್ಲಿ ಅಮೆರಿಕ ಪಶ್ಚಿಮಕ್ಕಿದೆ.

ರಜೆಗೆ ಹೋದಾಗ ಒಂದು ಗ್ಲೋಬ್ ಕೊಂಡೊಯ್ದೆ. ಅಪ್ಪ ಹತ್ತಿ ಮಿಲ್ಲಿನಲ್ಲಿ ದುಡಿದವರು. ನೂಲಿನ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದರು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು ಬಿಗಿಯಾಗಿ ಎಳೆದರು. ನೂಲು ತಾನಾಗಿಯೇ ಜಾರಿ ಟಿಬೆಟ್, ಮಂಗೋಲಿಯ, ಸೈಬೀರಿಯ ಹಾದು ಅಲಾಸ್ಕದ ಕಡೆಯಿಂದ ಇಳಿಯಿತು. ಅಪ್ಪ ಬಹಳ ಹೊತ್ತು ಆ ನೂಲನ್ನೇ ನೋಡುತ್ತಾ ಕೂತಿದ್ದರು. ಆ ದಿನ ನನಗಾದ ಖುಷಿ ಇವತ್ತಿಗೂ ನೆನಪಿದೆ.

ವಿಮಾನ ಈ ನೂಲಿನ ಗೆರೆಯನ್ನೇ ಹಿಡಿದು ಹೋಗುವುದಿಲ್ಲ. ಮೇಲೆ, ಹತ್ತು ಕಿಲೋಮೀಟರ್ ಎತ್ತರದ ಹತ್ತಿರ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಹರಿಯುತ್ತದೆ. ಕೆಲವೊಮ್ಮೆ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಬೆಂಗಳೂರಿನಿಂದ ಬರುವಾಗ ಅದು ಬೆನ್ನಿಗಿರಲಿ ಎಂದು ನೇರ ವಿಮಾನ ಪೆಸಿಫಿಕ್ ಸಾಗರದ ಮೇಲೆ ಬರುತ್ತಿದ್ದದ್ದುಂಟು. ವಾಪಸ್ ಹೋಗುವಾಗ ಅದೇ ಗಾಳಿ ಎದುರಿಗೆ ಬಾರದಿರಲಿ ಎಂದು ಧ್ರುವದ ಕಡೆ ತಿರುಗುತ್ತಿದ್ದದ್ದುಂಟು. 2021ರ ಜನವರಿಯಲ್ಲಿ ಈ ಎರಡು ಊರುಗಳ ನಡುವಿನ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬೆಂಗಳೂರಿಗೆ ತಂದರು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು. ಸುಮಾರು 17 ಗಂಟೆಯ ಹಾರಾಟ. 9ನೇ ತಾರೀಖು ರಾತ್ರಿ ಇಲ್ಲಿ ಹೊರಟದ್ದು ಅಲ್ಲಿ ಇಳಿದಾಗ 11ರ ಬೆಳಗಿನ ಜಾವ! ಆ ನೇರ ವಿಮಾನ ಇದ್ದಾಗ ಇಲ್ಲಿಗೆ ಬರುವಾಗ ಇದು ತಿರುವುಮುರುವಾಗುತ್ತಿತ್ತು. ಮಧ್ಯಾಹ್ನ ಬೆಂಗಳೂರು ಬಿಟ್ಟರೆ ಅದೇ ದಿನ ಸಂಜೆಗೆ ಇಲ್ಲಿರುತ್ತಿತ್ತು.

ಅಮ್ಮನಿಗೆ ಈ 17 ಗಂಟೆ ಸಾಲದು. ಅವಳು ಕೇಳಿದ್ದು ಮನೆ ಬಾಗಿಲಿನ ಲೆಕ್ಕ. ನೇರ ವಿಮಾನವಿದ್ದಾಗಿನ ಲೆಕ್ಕವನ್ನೇ ಹೇಳುತ್ತೇನೆ. ಮೂರು ಗಂಟೆ ಮೊದಲೇ ಏರ್‌ಪೋರ್ಟ್‌ನಲ್ಲಿರಬೇಕು. ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಲಗೇಜು. ಆಮೇಲೆ ದೇವನಹಳ್ಳಿಯಿಂದ ಕಾರು. ಊರೊಳಗೆ ಹೋಗದೆ ದೊಡ್ಡಬಳ್ಳಾಪುರದ ಮೇಲೆ ದಾಬಸ್‌ಪೇಟೆಗೆ ಬಂದು ಹೆದ್ದಾರಿ ಹಿಡಿದರೂ ಐದು ಗಂಟೆ ಬೇಕು. ಎಲ್ಲ ಸೇರಿ 28 ಗಂಟೆ. ದುಬೈನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಇಳಿದು ಹತ್ತಿದರೆ ಇನ್ನೂ ಜಾಸ್ತಿ. ಮಗ ಹೊರದೇಶದಲ್ಲಿರುವ ಮನೆಯವರು ಈ ದೊಡ್ಡ ಲೆಕ್ಕವನ್ನೇ ನೆನಪಿಟ್ಟುಕೊಳ್ಳಿ. ಸುಮ್ನೆ ಗಾಬರಿ ಆಗುವುದು ತಪ್ಪುತ್ತೆ.

ಈಗ ಅಮ್ಮ ವಿಮಾನದ ಹೊತ್ತು ಕೇಳುವುದಿಲ್ಲ. ಹಿರಿಯೂರು ದಾಟಿದೆ ಅಂತ ನಾನು ಫೋನ್ ಮಾಡಬೇಕು. ಚಿತ್ರದುರ್ಗದ ಗುಡ್ಡದ ಗಾಳಿಯಂತ್ರಗಳು ನನಗೆ ಕಾಣುವ ಹೊತ್ತಿಗೆ ಅವಳು ಒಲೆ ಹಚ್ಚಿರುತ್ತಾಳೆ.