ಬಳೆ ತೊಟ್ಟ ಕೈ

"ನಾನೇನು ಕೈಗೆ ಬಳೆ ತೊಟ್ಕೊಂಡು ಕೂತಿಲ್ಲ, ತಿಳ್ಕೊ!"

ಶನಿವಾರದಿಂದ ಈ ಮಾತು ನನ್ನ ತಲೆಯಿಂದ ಇಳಿದಿಲ್ಲ. ಹೇಳಿದವರಿಗೆ ಆವತ್ತೇ ಮರೆತುಹೋಗಿರುತ್ತದೆ. ಬಾಡಿಗೆ ಕೊಡದ ಯಾರಿಗೋ ಅವರು ಫೋನಿನಲ್ಲಿ ಬೈಯುತ್ತಿದ್ದರು. ಐವತ್ತು ದಾಟಿದ ಮನುಷ್ಯ, ಗರಿಗರಿ ಬಿಳಿ ಅಂಗಿ. ವೆಂಕಟರಮಣನ ಫೋಟೋಗೆ ಕಟ್ಟು ಹಾಕಿಸಲು ಬಂದಿದ್ದರು. ಕೆಟ್ಟವರು ಅಂತ ನನಗೆ ಅನಿಸಲಿಲ್ಲ. ನನಗಿಂತ ಮೊದಲೇ ಬಂದಿದ್ದರೂ "ನೀವು ಮುಗಿಸ್ಕೊಳ್ಳಿ ಮೇಡಂ" ಎಂದು ಜಾಗ ಬಿಟ್ಟವರು. ಫೋನ್ ಕಿವಿಗೆ ಹೋದ ಕೂಡಲೇ ಬೇರೆಯೇ ಮನುಷ್ಯರಾದರು.

ಅವರು ಆ ಮಾತು ಹೇಳಿದ ಹೊತ್ತಿಗೆ ಸರಿಯಾಗಿ, ಅವರ ಮೊಣಕೈಯಿಂದ ಒಂದು ಗೇಣು ದೂರದಲ್ಲಿ, ಫ್ರೇಮ್ ಅಂಗಡಿಯ ಮೇಜಿನ ಮೇಲಿನ ಚಿತ್ರದಲ್ಲಿ ಅಮೆರಿಕದ ಕಾಮಿಕ್ಸ್ ನಾಯಕಿ ವಂಡರ್ ವುಮನ್ ಇದ್ದಳು. ಎರಡೂ ಕೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದಿದ್ದಳು. ಎರಡೂ ಕೈಗೆ ಬಳೆ. ಗುಂಡು ತಾಗಿ ಬಳೆಯಿಂದ ಕಿಡಿ ಹಾರುತ್ತಿತ್ತು.

ಈ ಚಿತ್ರ ನಾನು ಕಾಮಿಕ್ಸ್ ಮೇಳವೊಂದರಲ್ಲಿ ಕೊಂಡದ್ದು. ಬರೆದವಳು ಕಾಲೇಜು ಓದುವ ಹುಡುಗಿ. ಜಲವರ್ಣದ ಮೂಲ ಚಿತ್ರವನ್ನೇ ಮೇಜಿನ ಮೂಲೆಯಲ್ಲಿ ಇಟ್ಟುಕೊಂಡಿದ್ದಳು. ಮಾರಲು ಅವಳಿಗೆ ಪೂರ್ತಿ ಮನಸ್ಸಿರಲಿಲ್ಲ. ನಾನು ಹತ್ತು ನಿಮಿಷ ಅಲ್ಲೇ ನಿಂತೆ. ಚಿತ್ರ ಬರೆಯುವ ಅಭ್ಯಾಸ ನನಗೂ ಸ್ವಲ್ಪ ಇದೆ. ಯಾವ ಸಾಹಸದ ಚಿತ್ರ ಕಂಡರೂ ನಾನು ಮೊದಲು ನೋಡುವುದು ಕೈಗಳನ್ನು. ಮುಖವನ್ನು ಯಾರು ಬೇಕಾದರೂ ಚೆಂದ ಬರೆದಾರು. ಕೈ ಸುಳ್ಳು ಹೇಳುವುದಿಲ್ಲ. ಕತ್ತಿ ಹಿಡಿದ ಕೈಗೆ ಕತ್ತಿಯ ಭಾರ ಗೊತ್ತಿದೆಯೋ ಇಲ್ಲವೋ ನೋಡಿದರೆ ತಿಳಿಯುತ್ತದೆ. ಈ ಹುಡುಗಿ ಬರೆದ ಕೈಗೆ ಗುಂಡಿನ ಪೆಟ್ಟು ಗೊತ್ತಿತ್ತು. ಮಣಿಕಟ್ಟಿನ ನರ ಬಿಗಿದಿತ್ತು. ಹಿಂದಿನ ಕಾಲು ಊರಿ, ಮುಂದಿನ ಮಂಡಿ ಸ್ವಲ್ಪ ಬಗ್ಗಿತ್ತು. ಈಜುವವರ ಭುಜ. ಮುಖದಲ್ಲಿ ಸಿಟ್ಟೇ ಇಲ್ಲ.

ಫ್ರೇಮಿನ ಅಂಗಡಿಯವರು ವಯಸ್ಸಾದವರು. ಗೋಡೆ ತುಂಬ ಲಕ್ಷ್ಮಿ, ಗಣಪತಿ, ರಾಯರು, ಸಾಯಿಬಾಬಾ. ಚಿತ್ರವನ್ನು ಬಿಚ್ಚಿ ನಾಲ್ಕು ಮೂಲೆಗೂ ಭಾರ ಇಟ್ಟು ತುಂಬಾ ಹೊತ್ತು ನೋಡಿದರು.

"ಇದು ಯಾವ ದೇವಿ ಮೇಡಂ?"

"ದೇವಿ ಅಲ್ಲ."

"ಕಿರೀಟ ಇದೆ. ಸೊಂಟದಲ್ಲಿ ಪಾಶ ಇದೆಯಲ್ಲ."

ಪಾಶ! ಇಷ್ಟು ವರ್ಷ ನಾನು ಅದನ್ನು ಲಾಸೋ, ಲಾಸೋ ಎನ್ನುತ್ತಿದ್ದೆ. ನಮ್ಮದೇ ಪದ ಮನೆಯಲ್ಲೇ ಇತ್ತು. ಖುಷಿಯಾಗಿ, ಆ ಹಗ್ಗದಲ್ಲಿ ಕಟ್ಟಿದರೆ ಯಾರಿಗೂ ಸುಳ್ಳು ಹೇಳಲು ಆಗುವುದಿಲ್ಲ ಎಂದೆ. ಇವಳಿಗೆ ಅಪ್ಪ ಇಲ್ಲ, ತಾಯಿ ಜೇಡಿಮಣ್ಣಿನಲ್ಲಿ ಮಗು ಮಾಡಿದಳು, ದೇವತೆ ಜೀವ ಕೊಟ್ಟಳು ಎಂದೆ.

"ನಮ್ಮ ಗಣಪತಿ ಥರ. ಹಂಗಾದ್ರೆ ದೇವಿನೇ ಬಿಡಿ. ಚಿನ್ನದ ಬಣ್ಣದ ಕಟ್ಟು ಹಾಕ್ತೀನಿ."

ಬೇಡ, ಸಾದಾ ಕಪ್ಪು ಮರ ಸಾಕು ಎಂದು ನಾನು ಹೇಳುತ್ತಿರುವಾಗಲೇ ಪಕ್ಕದಿಂದ ಆ ಮಾತು ಬಂತು. ನಾನೇನು ಕೈಗೆ ಬಳೆ ತೊಟ್ಕೊಂಡು ಕೂತಿಲ್ಲ. ಅಂಗಡಿಯವರು ಬಿಳಿ ಅಂಗಿಯವರನ್ನು ನೋಡಿದರು. ಆಮೇಲೆ ಮೇಜಿನ ಮೇಲಿನ ಎರಡು ಕೈಗಳನ್ನು ನೋಡಿದರು. ಆಮೇಲೆ ನನ್ನನ್ನು. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನ ಕೈಯಲ್ಲೂ ಬಳೆ ಇತ್ತು, ಒಂದೊಂದು ಕೈಗೆ ಎರಡು. ದುಡ್ಡು ಎಣಿಸುವಾಗ ಅವು ಸದ್ದು ಮಾಡಿದವು.

ಎಷ್ಟು ಸಲ ಕೇಳಿದ್ದೇವೆ ಈ ಮಾತನ್ನು, ಅಲ್ವಾ? ಸಿನಿಮಾದಲ್ಲಿ, ರಾಜಕೀಯದ ಭಾಷಣದಲ್ಲಿ, ಬೀದಿ ಜಗಳದಲ್ಲಿ. ವಿರೋಧಿಗಳಿಗೆ ಬಳೆ, ಸೀರೆ ಕಳಿಸುವ ಪ್ರತಿಭಟನೆಗಳೂ ನಡೆಯುತ್ತವೆ. ಅದರಲ್ಲಿ ಹೆಂಗಸರೇ ಮುಂದೆ ನಿಂತು ಬಳೆ ಎಸೆಯುವುದನ್ನು ನೋಡಿದಾಗ ನನಗೆ ಬಹಳ ಬೇಜಾರಾಗುತ್ತದೆ. ಬಳೆ ಅಂದರೆ ಕೈಲಾಗದವರು ಅಂತ ಯಾರು ತೀರ್ಮಾನ ಮಾಡಿದರು?

ವಂಡರ್ ವುಮನ್ ಬಳೆಯ ಕತೆ ನನಗೆ ಪಾಠದ ಹಾಗೆ ಬಾಯಿಗೆ ಬರುತ್ತದೆ. ಅವಳನ್ನು ಸೃಷ್ಟಿಸಿದ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಅಮೆರಿಕದ ಮನಶ್ಶಾಸ್ತ್ರಜ್ಞ. ಸುಳ್ಳು ಹೇಳುವಾಗ ರಕ್ತದೊತ್ತಡ ಏರುತ್ತದೆಯೇ ಎಂದು ಪರೀಕ್ಷೆ ಮಾಡಿದವರು. ಆ ಪಾಶದ ಯೋಚನೆಗೂ ಈ ಕೆಲಸಕ್ಕೂ ನಂಟಿದೆ ಎಂದು ನಾನು ನಂಬಿದ್ದೇನೆ. ನಾಯಕಿ ಹೆಣ್ಣಾಗಿರಲಿ ಎಂದದ್ದು ಅವರ ಹೆಂಡತಿ ಎಲಿಜಬೆತ್. ಅವರಿಬ್ಬರ ಜೊತೆ ಅದೇ ಮನೆಯಲ್ಲಿ ಆಲಿವ್ ಬರ್ನ್ ಎಂಬ ಇನ್ನೊಬ್ಬ ಹೆಂಗಸು ಇದ್ದರು. ಅವರು ಎರಡೂ ಕೈಗೆ ಅಗಲವಾದ ಬಳೆ ತೊಡುತ್ತಿದ್ದರು. ಆ ಬಳೆಯೇ ಕಾಮಿಕ್ಸಿಗೆ ಬಂತು. ಅಂದರೆ ಗುಂಡು ತಡೆಯುವ ಆ ಬಳೆ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ನಿಜವಾದ ಹೆಂಗಸಿನ ಬಳೆ. ಇದನ್ನು ಮೊದಲ ಸಲ ಓದಿದ ದಿನ ನಾನು ಎದ್ದು ಮನೆಯೊಳಗೇ ಓಡಾಡಿದ್ದೆ.

1941ರಲ್ಲಿ ಬಂದ ಅವಳ ಮೊದಲ ಕತೆಯಲ್ಲೇ ಗುಂಡು ಮತ್ತು ಬಳೆಯ ಸ್ಪರ್ಧೆ ಇದೆ. ಅವಳ ಊರು ಹೆಂಗಸರೇ ಇರುವ ಒಂದು ದ್ವೀಪ. ಅವರಲ್ಲಿ ಯಾರು ಹೊರಗಿನ ಲೋಕಕ್ಕೆ ಹೋಗಬೇಕು ಅಂತ ತೀರ್ಮಾನವಾಗುವುದು ಅದರಲ್ಲೇ. ಒಬ್ಬಳು ಗುಂಡು ಹಾರಿಸಬೇಕು, ಇನ್ನೊಬ್ಬಳು ಬಳೆಯಲ್ಲಿ ತಡೆಯಬೇಕು. ಆ ಕತೆಯ ಚಿತ್ರಕಾರ ಎಚ್. ಜಿ. ಪೀಟರ್ ಅವರಿಗೆ ಆಗಲೇ ಅರವತ್ತು ದಾಟಿತ್ತು. 1958ರಲ್ಲಿ ತೀರಿಕೊಳ್ಳುವವರೆಗೂ ಅವಳನ್ನು ಬರೆದರು. ಅವರ ಗೆರೆ ಸ್ವಲ್ಪ ಒರಟು. ಈಗಿನ ಹುಡುಗರು ಅದನ್ನು ಹಳೇ ಕಾಲದ್ದು ಎನ್ನುತ್ತಾರೆ. ನನಗೆ ಈಗಲೂ ಅವರೇ ಮೊದಲು.

ಇನ್ನೂ ಒಂದು ವಿಷಯವಿದೆ, ನನ್ನ ನಿದ್ದೆ ಕೆಡಿಸಿದ್ದು ಅದು. ಆ ಬಳೆ ಮೊದಲು ಬೇಡಿಯ ಗುರುತು. ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸ್ ಆ ದ್ವೀಪದ ಹೆಂಗಸರನ್ನು ಸೆರೆ ಹಿಡಿದಿದ್ದ. ಬಿಡುಗಡೆಯಾದ ಮೇಲೂ ಅದನ್ನು ಮರೆಯಬೇಡಿ, ಬಳೆ ತೊಟ್ಟೇ ಇರಿ ಎಂದು ದೇವತೆ ಹೇಳುತ್ತಾಳೆ. ಗಂಡಸೊಬ್ಬ ಆ ಬಳೆಗೆ ಸರಪಳಿ ಬೆಸೆದರೆ ಅವಳ ಶಕ್ತಿ ಹೋಗುತ್ತದೆ. ಬಳೆ ತೆಗೆದರೆ ಹಿಡಿತ ತಪ್ಪಿ ಕಂಡದ್ದನ್ನೆಲ್ಲ ಒಡೆಯುತ್ತಾಳೆ. ಬೇಡಿಯೂ ಅದೇ, ಗುರಾಣಿಯೂ ಅದೇ. ಯಾರ ಕೈಗೆ ಸಿಕ್ಕಿತು ಎನ್ನುವುದರ ಮೇಲೆ ಎಲ್ಲ ನಿಂತಿದೆ.

ನಮ್ಮೂರು ಶಿರಸಿ ಕಡೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ಏಳು ಅಡಿಯ ದೇವಿ, ಎಂಟು ಕೈ, ಕೆಳಗೆ ರಾಕ್ಷಸ. ಅಪ್ಪನ ಹೆಗಲ ಮೇಲೆ ಕೂತು ನೋಡಿದಾಗ ನನಗೆ ಅದು ಭಕ್ತಿ ಅನ್ನಿಸಿರಲಿಲ್ಲ. ಅದು ಸಾಹಸ. ಯಾವ ಕೈಯಲ್ಲಿ ಯಾವ ಆಯುಧ ಎಂದು ಎಣಿಸುತ್ತಿದ್ದೆ. "ಸುಮ್ನೆ ನೋಡ್ತಾ ಇರಬೇಡ, ಕೈ ಮುಗಿ" ಎಂದು ಪಕ್ಕದಲ್ಲಿದ್ದ ಯಾರೋ ಗದರಿದರು. ಕೈ ಮುಗಿದೆ. ಎಣಿಕೆ ತಪ್ಪಿತು. ಎಂಟನೇ ಕ್ಲಾಸಿನಲ್ಲಿ ಮುಂಬೈಯಿಂದ ಬಂದ ಅಣ್ಣನೊಬ್ಬ ಹರಿದ ಕಾಮಿಕ್ಸ್ ಕೊಟ್ಟ. ಅದರಲ್ಲಿದ್ದವಳಿಗೆ ಕೈ ಮುಗಿ ಅಂತ ಯಾರೂ ಹೇಳಲಿಲ್ಲ. ಅಮ್ಮನ ಹಸಿರು ಗಾಜಿನ ಬಳೆ ಹಾಕಿಕೊಂಡು ಕನ್ನಡಿ ಮುಂದೆ ಎರಡು ಕೈ ಅಡ್ಡ ಹಿಡಿದು ನಿಂತೆ. ಜೋರಾಗಿ ತಾಗಿ ಎರಡು ಬಳೆ ಒಡೆದವು. ಅಮ್ಮ ಬೈಯಲಿಲ್ಲ. ಚೂರು ಆರಿಸಿ, "ಕೈಗೆ ಚುಚ್ಚಿತಾ?" ಎಂದು ಮಾತ್ರ ಕೇಳಿದಳು.

ನಮ್ಮಲ್ಲೂ ಇಂಥವಳು ಇಲ್ಲ ಅಂತಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಸ್ತ್ರೀರಾಜ್ಯದ ಪ್ರಮೀಳೆ ಇದ್ದಾಳೆ. ಅರ್ಜುನನ ಯಾಗದ ಕುದುರೆ ಕಟ್ಟಿಹಾಕಿದವಳು. ಯಕ್ಷಗಾನದಲ್ಲಿ ಅವಳು ರಂಗಕ್ಕೆ ಬಂದಾಗ ನನಗೆ ಮೈ ಜುಮ್ಮೆನ್ನುತ್ತದೆ. ಆದರೆ ಕತೆ ಮದುವೆಗೆ ಹೋಗಿ ನಿಲ್ಲುತ್ತದೆ. ಅವಳಿಗೆ ಇನ್ನೊಂದು ರಾತ್ರಿಯ ಆಟ ಸಿಗಬೇಕಿತ್ತು ಎಂದು ಪ್ರತಿ ಸಲ ಅಂದುಕೊಳ್ಳುತ್ತೇನೆ.

ಅಮೆರಿಕದವರೂ ತಮ್ಮ ನಾಯಕಿಯನ್ನು ಚೆನ್ನಾಗಿ ನೋಡಿಕೊಂಡರು ಅಂತ ಹೇಳಲಾರೆ. 1942ರಲ್ಲಿ ಅವಳನ್ನು ವೀರರ ಸಂಘಕ್ಕೆ ಸೇರಿಸಿಕೊಂಡು ಕೊಟ್ಟ ಕೆಲಸ ಕಾರ್ಯದರ್ಶಿಯದು. ಅವರೆಲ್ಲ ಯುದ್ಧಕ್ಕೆ ಹೊರಟರೆ ಇವಳು ನಡಾವಳಿ ಬರೆಯಬೇಕು! 1968ರಲ್ಲಿ ಶಕ್ತಿಯನ್ನೇ ಕಿತ್ತುಕೊಂಡು ಬಟ್ಟೆ ಅಂಗಡಿ ಇಟ್ಟುಕೊಟ್ಟರು. 1972ರಲ್ಲಿ ಸ್ತ್ರೀವಾದಿ ಲೇಖಕಿ ಗ್ಲೋರಿಯಾ ಸ್ಟೈನಮ್ ಮತ್ತು ಗೆಳತಿಯರು ತಮ್ಮ ಹೊಸ ಪತ್ರಿಕೆಯ ಮುಖಪುಟಕ್ಕೆ ಅವಳ ಹಳೆಯ ರೂಪವನ್ನೇ ಹಾಕಿದರು. ಮರುವರ್ಷ ಶಕ್ತಿ ವಾಪಸ್ ಬಂತು. ಓದುತ್ತಾ ಬೆಳೆದ ಹೆಣ್ಣುಮಕ್ಕಳು ಅವಳನ್ನು ಬಿಟ್ಟುಕೊಡಲಿಲ್ಲ, ಅಷ್ಟೇ.

ಬಟ್ಟೆಯ ಪ್ರಶ್ನೆ ಬಂದೇ ಬರುತ್ತದೆ. ಈ ಥರದ ಚಿತ್ರ ಇಷ್ಟಪಡುವ ಹೆಂಗಸನ್ನು ಎಲ್ಲರೂ ಕೇಳುವುದು ಅದನ್ನೇ. ಕಾಮಿಕ್ಸಿನ ಕತ್ತಿ ಹಿಡಿದ ನಾಯಕಿ ರೆಡ್ ಸೋನ್ಯಾಳಿಗೆ ಚಿತ್ರಕಾರ ಎಸ್ತೆಬಾನ್ ಮರೋತೊ ಕೊಟ್ಟ ಲೋಹದ ಬಿಕಿನಿ ನನಗೂ ಸರಿ ಕಾಣುವುದಿಲ್ಲ. ಹೊಟ್ಟೆ ಕಾಯದ ಕವಚ ಯಾವ ಯುದ್ಧಕ್ಕೆ? ಆದರೂ ಅವಳ ಕತ್ತಿ ಹಿಡಿದ ಕೈಯನ್ನು ನಾನು ಬಿಟ್ಟುಕೊಡುವುದಿಲ್ಲ. ಜೂಲಿ ಬೆಲ್ ಬರೆದ ಯೋಧೆಯರನ್ನು ನೋಡಿ. ಆಕೆ ಸ್ವತಃ ದೇಹದಾರ್ಢ್ಯ ಮಾಡಿದವರು. ಮುಂಗೈ ಸ್ನಾಯು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಮೈಯಿಂದಲೇ ಕಲಿತವರು. ಅವರಿಗೂ ಮುಂಚೆ, 1930ರ ದಶಕದಿಂದ 1945ರವರೆಗೆ, ಷಿಕಾಗೋದ ಮಾರ್ಗರೆಟ್ ಬ್ರಂಡೇಜ್ ಪೇಸ್ಟೆಲ್ ಕಡ್ಡಿಯಲ್ಲಿ ಅದ್ಭುತ ಕತೆಗಳ ಪತ್ರಿಕೆಯೊಂದಕ್ಕೆ ಅರವತ್ತಕ್ಕೂ ಹೆಚ್ಚು ಮುಖಪುಟ ಬರೆದರು. ಒಂದಕ್ಕೆ 90 ಡಾಲರ್. ಸಹಿ ಬರೀ 'ಎಂ. ಬ್ರಂಡೇಜ್'. ಬರೆಯುವುದು ಹೆಂಗಸು ಎಂದು ಓದುಗರಿಗೆ ಬಹಳ ದಿನ ಗೊತ್ತೇ ಇರಲಿಲ್ಲ. ಅವರ ಚಿತ್ರದ ಹುಡುಗಿಯರು ಹೆಚ್ಚಾಗಿ ಹೆದರಿದವರು, ಬಟ್ಟೆ ಕಡಿಮೆ. ಆದರೆ ಆ ದುಡ್ಡಿನಲ್ಲಿ ತಾಯಿಯನ್ನೂ ಮಗನನ್ನೂ ಸಾಕಿದ್ದು ಅದೇ ಪೇಸ್ಟೆಲ್ ಹಿಡಿದ ಕೈ.

ಕೈ ಎಂದಾಗ ನಾನು ಬೇರೆ ಏನು ಬರೆದರೂ ಕೊನೆಗೆ ಅಮ್ಮನ ಕೈಗೇ ಬಂದು ನಿಲ್ಲುತ್ತೇನೆ.

ಅಡಿಕೆ ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಅಂಗಳದಲ್ಲಿ ಸುಲಿಯುವ ಕೆಲಸ. ಮೆಟ್ಟುಕತ್ತಿಯನ್ನು ಕಾಲಿನಲ್ಲಿ ಒತ್ತಿ ಹಿಡಿದು, ಒಂದೊಂದೇ ಅಡಿಕೆಯನ್ನು ಅಲಗಿಗೆ ಕೊಟ್ಟು ಸಿಪ್ಪೆ ಬಿಡಿಸಬೇಕು. ಅಮ್ಮನ ಕೈ ಕಾಣುತ್ತಲೇ ಇರಲಿಲ್ಲ, ಅಷ್ಟು ವೇಗ. ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ನಾನು ಆ ಸದ್ದಿಗೆ ನಿದ್ದೆ ಹೋಗುತ್ತಿದ್ದೆ. ಬೆಳಗಿನ ಜಾವ ಅದೇ ಸದ್ದು ಕೊಟ್ಟಿಗೆಯಿಂದ ಬರುತ್ತಿತ್ತು.

ಅಪ್ಪ ತೀರಿಕೊಂಡ ಹತ್ತನೇ ದಿನ ನೆಂಟರ ಹಿರಿಯ ಹೆಂಗಸೊಬ್ಬರು ಅಮ್ಮನ ಕೈ ಹಿಡಿದರು. ಅವರಿಗೂ ಯಾರೋ ಹಾಗೆಯೇ ಮಾಡಿದ್ದರು, ಅದಕ್ಕೇ ಅವರ ಮೇಲೆ ನನಗೆ ಪೂರ್ತಿ ಸಿಟ್ಟು ಮಾಡಲು ಆಗುವುದಿಲ್ಲ. ಆದರೂ ಸಿಟ್ಟಿದೆ. ಅಮ್ಮ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ. ನಲವತ್ತು ವರ್ಷದ ಹೆಂಗಸು, ಕೆಲಸದಲ್ಲಿರುವವಳು, ಇಷ್ಟೆಲ್ಲ ಓದಿದವಳು. ಬೇಡ ಎನ್ನಲಿಲ್ಲ. ಆ ಗಾಜಿನ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಶನಿವಾರ ಬಿಳಿ ಅಂಗಿಯವರು ಆ ಮಾತು ಹೇಳಿದಾಗ ನನಗೆ ಮೊದಲು ಬಂದದ್ದು ಕೋಪ. ರಾತ್ರಿ ಮಲಗಿದ ಮೇಲೆ ಬೇರೆ ಏನೋ ಬಂತು. ತೊಟ್ಟರೆ ಕೈಲಾಗದವಳು ಎನ್ನುತ್ತಾರೆ. ಗಂಡ ಸತ್ತರೆ ಅದನ್ನೂ ಒಡೆಯುತ್ತಾರೆ. ತೊಡುವುದನ್ನೂ ತೆಗೆಯುವುದನ್ನೂ ಇನ್ನೊಬ್ಬರೇ ಹೇಳುತ್ತಾರೆ. ಫೋನಿನಲ್ಲಿದ್ದವರಿಗೆ ತಾಯಿ ಇರಬಹುದು. ಅವರ ಕೈ ಹೇಗಿದೆಯೋ. ಅವರನ್ನು ಅಲ್ಲೇ ತಡೆದು, ಸರ್, ಈ ಮೇಜಿನ ಮೇಲೆ ಒಂದು ಸಲ ನೋಡಿ ಎಂದು ಹೇಳಬೇಕಿತ್ತು. ಬಾಗಿಲ ಹತ್ತಿರ ಸುಮ್ಮನೆ ನಿಂತವಳು ಅಂಗಡಿಯಲ್ಲೂ ಸುಮ್ಮನೆ ನಿಂತೆ.

ಬುಧವಾರ ಸಂಜೆ ಫ್ರೇಮ್ ತಂದೆ. ಕಪ್ಪು ಮರವೇ, ಆದರೆ ಒಳ ಅಂಚಿಗೆ ಒಂದು ಎಳೆ ಚಿನ್ನದ ಗೆರೆ ಸೇರಿಸಿದ್ದರು. "ಬಳೆ ಬಣ್ಣಕ್ಕೆ ಹೊಂದುತ್ತೆ ಅಂತ ಹಾಕ್ದೆ ಮೇಡಂ. ಅದಕ್ಕೆ ದುಡ್ಡು ಬೇಡ." ನಾನು ಬೇಡ ಎಂದಿದ್ದನ್ನು ಅವರು ಮಾಡಿದ್ದು ಎಷ್ಟು ಸರಿಯಾಗಿತ್ತು ಎಂದರೆ, ಈಗ ಆ ಗೆರೆ ಇಲ್ಲದ ಚಿತ್ರವನ್ನು ನೆನೆಯಲೂ ಆಗುವುದಿಲ್ಲ.

ಮನೆಯಲ್ಲಿ ಕಾಗದ ಬಿಚ್ಚಿ ಸೋಫಾಕ್ಕೆ ಒರಗಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಂದಳು.

"ಇದು ಬಳೆನಾ?"

"ಹೌದು. ಗುಂಡು ತಾಗಿದ್ರೂ ಏನೂ ಆಗಲ್ಲ."

ಗಾಜಿನ ಮೇಲೆ ಬೆರಳಿಟ್ಟು ಒಂದು ಕೈಯ ಬಳೆ ಮುಟ್ಟಿದಳು. ಆಮೇಲೆ ಇನ್ನೊಂದು.

"ಇದನ್ನ ಯಾರೂ ಒಡೆಯೋಕಾಗಲ್ಲ."

ಬಳೆ ತರಲಾ ಅಮ್ಮ ಎಂದು ಕೇಳಿಬಿಟ್ಟೆ. ಆರು ವರ್ಷದಿಂದ ಕೇಳಬೇಕೆಂದು ಇಟ್ಟುಕೊಂಡಿದ್ದ ಮಾತು. ಅವಳು ಉತ್ತರ ಕೊಡಲಿಲ್ಲ. ಚಿತ್ರ ನಿನ್ನ ರೂಮಿಗೆ ಬೇಡ, ಹಾಲಿನಲ್ಲಿ ನನ್ನ ಕುರ್ಚಿ ಎದುರಿಗೆ ಹಾಕು ಎಂದು ಹೇಳಿ ಅಡುಗೆಮನೆಗೆ ಹೋದಳು. ಊಟ ಆಯಿತು, ಧಾರಾವಾಹಿ ಆಯಿತು. ಮಲಗುವಾಗ ನೀರಿನ ಚೊಂಬು ಇಟ್ಟು ಲೈಟ್ ಆರಿಸಿದೆ. ಕತ್ತಲಲ್ಲಿ ಅವಳು ಹೇಳಿದಳು:

"ಮೊದಲು ಎರಡು ಆರು ಆಗ್ತಿತ್ತು. ಈಗ ಕೈ ಇಳಿದಿದೆ. ಎರಡು ನಾಲ್ಕು ತಾ."