ಥಾರ್ ಮರಳಿನಲ್ಲಿ ತೋಳ, ಗುಳ್ಳೆನರಿಗಳ ಜಾಡು: ಮೈಸೂರಿನಿಂದ ಹೊರಡುವವರಿಗೆ

ಮೈಸೂರು, ಮಂಡ್ಯದ ಕಡೆಯವರಿಗೆ ಚಿರತೆಯ ಹೆಜ್ಜೆ ಹೊಸದೇನಲ್ಲ. ಕಬ್ಬಿನ ಗದ್ದೆಯ ಬದುವಿನ ಕೆಸರಿನಲ್ಲಿ ಅದು ಅಚ್ಚೊತ್ತಿದಂತೆ ಮೂಡಿರುತ್ತದೆ. ಹಸಿ ಮಣ್ಣಿಗೆ ಪಳಗಿದ ಈ ಕಣ್ಣು ಜೈಸಲ್ಮೇರ್‌ನ ಒಣ ಮರಳಿನಲ್ಲಿ ಸುಲಭವಾಗಿ ಮೋಸಹೋಗುತ್ತದೆ. ಅಲ್ಲಿ ಹೆಜ್ಜೆಯ ಅಂಚು ಕುಸಿದು ಗುರುತು ಇರುವುದಕ್ಕಿಂತ ದೊಡ್ಡದಾಗಿ ಕಾಣುವುದರಿಂದ, ಒಂದೇ ಹೆಜ್ಜೆಯನ್ನು ಅಳೆದು ಪ್ರಾಣಿಯ ಹೆಸರು ಹೇಳದೆ, ಹತ್ತಿಪ್ಪತ್ತು ಮಾರು ದೂರದವರೆಗೆ ಜಾಡಿನ ಸಾಲನ್ನು ನೋಡಬೇಕು.

ಮೈಸೂರಿನಿಂದ ಅಜ್ಮೇರ್‌ಗೆ ನೇರ ರೈಲಿದೆ. ಮುಂದೆ ಜೋಧಪುರದ ಮೂಲಕ ಜೈಸಲ್ಮೇರ್ ತಲುಪಬಹುದು. ಅಲ್ಲಿಗೆ ಹತ್ತಿರದ ಮರುಭೂಮಿ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 3,162 ಚದರ ಕಿಲೋಮೀಟರ್. ಪ್ರವೇಶಕ್ಕೆ ಬೇಕಾದ ಅನುಮತಿಯನ್ನು ಜೈಸಲ್ಮೇರ್‌ನಲ್ಲಿಯೇ ವಿಚಾರಿಸಿ ಪಡೆಯಿರಿ. ಗಡಿ ಹತ್ತಿರವಿರುವುದರಿಂದ ಗುರುತಿನ ಚೀಟಿ ಸದಾ ಜೊತೆಗಿರಲಿ.

ಹೆಚ್ಚಿನವರು ಸಮ್‌ನ ಮರಳುದಿಬ್ಬಗಳಲ್ಲೇ ತಂಗುತ್ತಾರೆ. ಒಂಟೆ, ಜೀಪು, ರಾತ್ರಿಯ ಹಾಡು-ಕುಣಿತಗಳ ನಡುವೆ ಅಲ್ಲಿ ವನ್ಯಜೀವಿಗಳನ್ನು ಹುಡುಕುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ದಿಬ್ಬಗಳು ಉದ್ಯಾನದ ಒಂದು ಭಾಗ ಮಾತ್ರ. ಚಿಂಕಾರವೆಂಬ ಪುಟ್ಟ ಹುಲ್ಲೆಗಳೂ ಎರೆಭೂತ ಹಕ್ಕಿಯೂ ಕಾಣಸಿಗುವುದು ಸುದಾಸರಿಯ ಕಡೆಯ ಸೇವಣ್ ಹುಲ್ಲುಗಾವಲಿನಲ್ಲಿ. ಸ್ಥಳೀಯ ಮಾರ್ಗದರ್ಶಕರನ್ನು ಗೊತ್ತುಮಾಡಿಕೊಂಡು ಸೂರ್ಯೋದಯಕ್ಕೆ ಮುನ್ನವೇ ಅಲ್ಲಿರಿ.

ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಪ್ರತಿ ಹೆಜ್ಜೆಗೂ ನೆರಳಿರುತ್ತದೆ. ಹೊತ್ತೇರಿದ ಮೇಲೆ ಅದೇ ಗುರುತು ಕಣ್ಣಿಗೇ ಬೀಳುವುದಿಲ್ಲ. ಬಿಸಿಲಿಗೆ ಎದುರಾಗಿ ನಿಂತು ನೋಡುವುದು ಒಳ್ಳೆಯದು. ಉಗುರಿನ ಗುರುತಿದ್ದರೆ ನಾಯಿಯ ಜಾತಿ, ಇಲ್ಲದಿದ್ದರೆ ಸಾಮಾನ್ಯವಾಗಿ ಬೆಕ್ಕಿನ ಜಾತಿ. ಸಡಿಲ ಮರಳಿನಲ್ಲಿ ಉಗುರೂ ಮುಚ್ಚಿಹೋಗುತ್ತದೆ ಎಂಬುದು ನೆನಪಿರಲಿ. ತೋಳ ಎಲ್ಲಿಗೋ ಕೆಲಸವಿದ್ದಂತೆ ನೇರವಾಗಿ ನಡೆಯುತ್ತದೆ, ಹಿಂಗಾಲು ಬಹುಮಟ್ಟಿಗೆ ಮುಂಗಾಲಿನ ಗುರುತಿನ ಮೇಲೆಯೇ ಬೀಳುತ್ತದೆ. ಊರನಾಯಿಯ ಜಾಡಾದರೋ ಅತ್ತಿತ್ತ ಅಲೆಯುತ್ತದೆ. ಈ ವ್ಯತ್ಯಾಸ ತಿಳಿಯದಿದ್ದರೆ ಕಂಡದ್ದೆಲ್ಲ ತೋಳವಾಗಿಬಿಡುತ್ತದೆ, ಏಕೆಂದರೆ ಅಲ್ಲಿ ಬೀದಿನಾಯಿಗಳು ಬಹಳ; ಚಿಂಕಾರಗಳನ್ನು ಕೊಲ್ಲುವುದರಲ್ಲಿ ಅವುಗಳ ಪಾಲೂ ಇದೆ. ಮುಂಗಾಲಿನ ಗುರುತು ಹಿಂಗಾಲಿನದಕ್ಕಿಂತ ಎದ್ದುಕಾಣುವಷ್ಟು ದೊಡ್ಡದಾಗಿದ್ದರೆ ಕತ್ತೆಕಿರುಬವನ್ನು ಶಂಕಿಸಬಹುದು.

ಪ್ರಾಣಿ ಹಾದುಹೋದ ಕಾಲವನ್ನು ಗಾಳಿಯಿಂದ ಲೆಕ್ಕಹಾಕಬೇಕು. ಅಂಚು ಚೂಪಾಗಿದ್ದರೆ ಕೊನೆಯ ಗಾಳಿ ಬೀಸಿದ ಮೇಲೆ ಪ್ರಾಣಿ ಹಾದಿದೆ. ಹೆಜ್ಜೆಯ ಮೇಲೆ ರಾತ್ರಿ ಓಡಾಡುವ ಜೀರುಂಡೆಗಳ ಸಣ್ಣ ಗೆರೆ ಹಾದಿದ್ದರೆ, ಪ್ರಾಣಿ ಬೆಳಗಾಗುವುದಕ್ಕೆ ಬಹಳ ಮೊದಲೇ ಹೋಗಿರಬಹುದು. ಚದುರಿದ ಗರಿಗಳನ್ನೂ ಎತ್ತಿ ನೋಡಿ, ಅಲ್ಲೇ ಬಿಡಿ: ಬುಡಸಮೇತ ಕಿತ್ತಿದ್ದರೆ ಗಿಡುಗ ಅಥವಾ ಹದ್ದಿನ ಕೆಲಸ, ದಂಟು ಕಚ್ಚಿ ತುಂಡಾಗಿದ್ದರೆ ಗುಳ್ಳೆನರಿಯದೋ ಕಾಡುಬೆಕ್ಕಿನದೋ. ಚಿಂಕಾರ ಕಾಲು ಅಪ್ಪಳಿಸಿ ಸೀನಿದಂತೆ ಸದ್ದು ಮಾಡಿದರೆ ಅದನ್ನು ಬಿಟ್ಟು, ಅದು ದಿಟ್ಟಿಸುತ್ತಿರುವ ದಿಕ್ಕಿಗೆ ದುರ್ಬೀನು ತಿರುಗಿಸಿ. ಗುಳ್ಳೆನರಿ ಕಂಡರೆ ಬಾಲದ ತುದಿ ಗಮನಿಸಿ: ಬಿಳಿಯಿದ್ದರೆ ಮರುಭೂಮಿಯದು, ಕಪ್ಪಾಗಿದ್ದರೆ ನಮ್ಮ ಬಯಲಿನಲ್ಲೂ ಇರುವ ಜಾತಿ. ಅದರ ಬಿಲದ ಬಾಯಿಗೆ ಮಾತ್ರ ಹೋಗಬೇಡಿ.

ಹೋಗಲು ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ನಮ್ಮೂರಿನ ಸ್ವೆಟರ್ ಅಲ್ಲಿನ ರಾತ್ರಿಗೆ ಸಾಲದು. ಆದರೆ ಹದ್ದು, ಗುಳ್ಳೆನರಿಗಳ ಮುಖ್ಯ ಆಹಾರವಾದ ಮುಳ್ಳುಬಾಲದ ಹಲ್ಲಿಗಳು ಚಳಿಗಾಲದಲ್ಲಿ ಬಿಲ ಮುಚ್ಚಿಕೊಂಡು ಮಲಗಿರುತ್ತವೆ. ಅವುಗಳ ಬೇಟೆಯನ್ನೇ ನೋಡಬೇಕೆನ್ನುವವರು ಬಿಸಿಲನ್ನು ಸಹಿಸಿಕೊಂಡು ಮಾರ್ಚ್‌ನಲ್ಲಿ ಹೋಗುವುದು ಸೂಕ್ತ.