ಬರೀ ಕಿಕ್ ಹೊಡೆದವರು ಅಷ್ಟು ದೊಡ್ಡ ಆಟಗಾರರೇ?

ನನಗೆ ಬಹಳ ಇಷ್ಟವಾದ ರಗ್ಬಿ ಆಟಗಾರ ವೇಲ್ಸ್‌ನ ನೀಲ್ ಜೆಂಕಿನ್ಸ್ ಎಂದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ: "ಉಳಿದ ಹದಿನಾಲ್ಕು ಮಂದಿ ಮೈಕೈ ನಜ್ಜುಗುಜ್ಜು ಮಾಡಿಕೊಂಡು ಸೆಣಸುತ್ತಾರೆ. ಇವರು ಬಂದು, ನೆಲದ ಮೇಲಿಟ್ಟ ಚೆಂಡನ್ನು ಒದ್ದು ಅಂಕ ಗಳಿಸುತ್ತಾರೆ. ಅದರಲ್ಲೇನು ಹೆಚ್ಚುಗಾರಿಕೆ?"

ಕೇಳುವವರ ಅನುಮಾನಕ್ಕೆ ಆಧಾರವಿಲ್ಲದೆ ಇಲ್ಲ. 1991ರಿಂದ ವೇಲ್ಸ್ ಪರ 87 ಪಂದ್ಯಗಳಲ್ಲಿ ಜೆಂಕಿನ್ಸ್ ಗಳಿಸಿದ್ದು 1,049 ಅಂಕ. ಅದರಲ್ಲಿ 235 ಪೆನಾಲ್ಟಿ (ಎದುರಾಳಿ ತಪ್ಪು ಮಾಡಿದಾಗ ಸಿಗುವ ಮೂರು ಅಂಕದ ಒದೆತ), 130 ಕನ್ವರ್ಷನ್ (ಟ್ರೈ ಆದ ಮೇಲೆ ಸಿಗುವ ಎರಡು ಅಂಕದ ಒದೆತ); ಎಂದರೆ 965 ಅಂಕಗಳು ನೆಲದ ಮೇಲಿಟ್ಟ ಚೆಂಡಿನಿಂದಲೇ ಬಂದವು. ಚೆಂಡು ಹಿಡಿದು ಓಡಿ, ಎದುರಾಳಿಯ ಗೆರೆ ದಾಟಿ ಟ್ರೈ ಗಳಿಸಿದ್ದು ಹನ್ನೊಂದೇ ಬಾರಿ. ಆದರೂ ಅಂತರರಾಷ್ಟ್ರೀಯ ರಗ್ಬಿಯಲ್ಲಿ ಸಾವಿರ ಅಂಕ ದಾಟಿದ ಮೊದಲ ಆಟಗಾರ ಅವರೇ.

ಆ 965 ಅಂಕಗಳನ್ನು ಆಟದಿಂದ ಬೇರ್ಪಡಿಸಿ ನೋಡುವುದೇ ತಪ್ಪು ಎಂಬುದು ನನ್ನ ಉತ್ತರ. ಟ್ರೈಗೆ ಐದು ಅಂಕ, ಪೆನಾಲ್ಟಿ ಕಿಕ್‌ಗೆ ಮೂರು. ಗುರಿ ತಪ್ಪದ ಕಿಕ್ಕರ್ ಒಬ್ಬರು ಎದುರಿಗಿದ್ದಾರೆ ಎಂದರೆ, ತಮ್ಮ ಅರ್ಧದ ಅಂಗಳದಲ್ಲಿ ಪ್ರತಿ ಸಣ್ಣ ತಪ್ಪಿಗೂ ಬೆಲೆ ತೆರಬೇಕಾಗುತ್ತದೆ ಎಂದು ಎದುರಾಳಿಗಳಿಗೆ ಗೊತ್ತಿರುತ್ತದೆ. ಚೆಂಡಿಗಾಗಿ ಮುಗಿಬಿದ್ದವರ ರಾಶಿಯಲ್ಲಿ ಕೈ ಹಾಕಿ ಚೆಂಡು ತಡೆಹಿಡಿಯಲು ಅಂಜುತ್ತಾರೆ. ಹಾಗೆ ಅಂಜಿದರೆ ನಮ್ಮವರಿಗೆ ಚೆಂಡು ಬೇಗ ಸಿಗುತ್ತದೆ, ಓಡಲು ದಾರಿಯಾಗುತ್ತದೆ. ಒದೆಯದೆ ಇರುವಾಗಲೂ ಕಿಕ್ಕರ್ ಆಡುತ್ತಲೇ ಇರುತ್ತಾರೆ.

ಇದಕ್ಕೆ 1997ರ ಜೂನ್‌ನಲ್ಲಿ ಡರ್ಬನ್‌ನಲ್ಲಿ ನಡೆದ ಪಂದ್ಯಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಂಡಿಲ್ಲ. ಬ್ರಿಟನ್ ಮತ್ತು ಐರ್ಲೆಂಡ್‌ನ ಆಯ್ದ ಆಟಗಾರರ ಲಯನ್ಸ್ ತಂಡ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಜೆಂಕಿನ್ಸ್ ಮೂಲತಃ ಫ್ಲೈ ಹಾಫ್, ಎಂದರೆ ತಂಡದ ದಾಳಿಯನ್ನು ನಡೆಸುವವರು. ಆದರೆ ಕೋಚ್ ಇಯಾನ್ ಮೆಕ್‌ಗೀಹನ್, ಜೆಂಕಿನ್ಸ್ ಅವರನ್ನು ಎಲ್ಲರಿಗಿಂತ ಹಿಂದೆ ನಿಲ್ಲುವ ಫುಲ್ ಬ್ಯಾಕ್ ಜಾಗದಲ್ಲಿ ಆಡಿಸಿದರು. ಅವರ ಕಾಲು ತಂಡಕ್ಕೆ ಬೇಕೇ ಬೇಕಾಗಿತ್ತು. ಕೇಪ್‌ಟೌನ್‌ನಲ್ಲಿ ಮೊದಲ ಟೆಸ್ಟ್ ಗೆದ್ದಾಗಿತ್ತು. ಡರ್ಬನ್‌ನಲ್ಲಿ ವಿಶ್ವ ಚಾಂಪಿಯನ್ ದಕ್ಷಿಣ ಆಫ್ರಿಕಾ ಮೂರು ಟ್ರೈ ಗಳಿಸಿತು, ಲಯನ್ಸ್ ಒಂದೂ ಇಲ್ಲ. ಆದರೆ ಆತಿಥೇಯರ ಪರ ಹೊನಿಬಾಲ್, ಮಾಂಟ್ಗೊಮರಿ, ಜೌಬರ್ಟ್ ಮೂವರೂ ಸರದಿಯಲ್ಲಿ ಕಿಕ್ ಪ್ರಯತ್ನಿಸಿದರು. ಒಂದೂ ಕಂಬಗಳ ನಡುವೆ ಹೋಗಲಿಲ್ಲ. ಇತ್ತ ಜೆಂಕಿನ್ಸ್ ಐದು ಪೆನಾಲ್ಟಿ ಹೊಡೆದು 15–15ಕ್ಕೆ ತಂದು ನಿಲ್ಲಿಸಿದರು. ಜೆರೆಮಿ ಗಸ್ಕಾಟ್ ಡ್ರಾಪ್ ಗೋಲ್ (ಆಟದ ನಡುವೆ ಕೈಯಿಂದ ಬಿಟ್ಟ ಚೆಂಡು ನೆಲಕ್ಕೆ ತಾಗಿ ಪುಟಿದಾಗ ಒದೆಯುವ ಮೂರು ಅಂಕದ ಕಿಕ್) ಹೊಡೆದು 18–15 ಮಾಡಿದರು, ಸರಣಿ ಲಯನ್ಸ್ ಪಾಲಾಯಿತು. ಇಂದಿಗೂ ಜನ ನೆನೆಯುವುದು ಗಸ್ಕಾಟ್ ಅವರ ಆ ಒಂದು ಒದೆತವನ್ನು. ಅದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಸ್ವಂತ ನಾಡಿನಲ್ಲೂ ಅವರಿಗೆ ಪೂರ್ತಿ ನ್ಯಾಯ ಸಿಕ್ಕಿರಲಿಲ್ಲ. ಬ್ಯಾರಿ ಜಾನ್, ಫಿಲ್ ಬೆನೆಟ್‌ರಂಥ ಫ್ಲೈ ಹಾಫ್‌ಗಳು ಎದುರಾಳಿಗಳನ್ನು ಏಮಾರಿಸಿ ನುಸುಳುವುದನ್ನು ಕಂಡಿದ್ದ ವೇಲ್ಸ್ ಜನರಿಗೆ ಪಾಂಟಿಪ್ರಿತ್‌ನ ಈ ಕೆಂಗೂದಲಿನ ಹುಡುಗ ಸಪ್ಪೆ ಎನಿಸಿದರು. ಎಪ್ಪತ್ತರ ದಶಕದ ಆ ಫ್ಲೈ ಹಾಫ್‌ಗಳ ಮುಂದೆ ಬಲಾಢ್ಯ ತಂಡವಿತ್ತು. ತೊಂಬತ್ತರ ದಶಕದ ವೇಲ್ಸ್ ಸೋಲುಗಳಿಂದ ಬಳಲುತ್ತಿತ್ತು. ಅಂಥ ತಂಡವನ್ನು ಸ್ಪರ್ಧೆಯಲ್ಲಿ ಉಳಿಸಿದ್ದು ಆ ಮೂರು ಮೂರು ಅಂಕಗಳೇ.

1999ರ ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ ಆಡಿದ್ದು ಇಂಗ್ಲೆಂಡ್ ವಿರುದ್ಧ. ಕಾರ್ಡಿಫ್‌ನಲ್ಲಿ ಹೊಸ ಕ್ರೀಡಾಂಗಣ ಕಟ್ಟುತ್ತಿದ್ದುದರಿಂದ ವೇಲ್ಸ್ ತನ್ನ ತವರಿನ ಪಂದ್ಯಗಳನ್ನು ಲಂಡನ್‌ನಲ್ಲಿ ಆಡಬೇಕಾಗಿತ್ತು. ಇಂಗ್ಲೆಂಡ್ ಮೂರು ಟ್ರೈ ಗಳಿಸಿತ್ತು. ಜೆಂಕಿನ್ಸ್ ಆರು ಪೆನಾಲ್ಟಿ ಹೊಡೆದು ಬೆನ್ನು ಬಿಡಲಿಲ್ಲ. 31–25ರಿಂದ ಮುಂದಿದ್ದಾಗ ಸಿಕ್ಕ ಪೆನಾಲ್ಟಿಯಲ್ಲಿ ಇಂಗ್ಲೆಂಡ್ ನಾಯಕ ಲಾರೆನ್ಸ್ ಡಲ್ಲಾಲಿಯೊ ಗೋಲಿಗೆ ಒದೆಯಿಸದೆ ಟ್ರೈ ಅರಸಿ ಹೋದರು. ಆ ಮೂರು ಅಂಕ ಸೇರಿದ್ದರೆ ಒಂದು ಟ್ರೈ ಮತ್ತು ಕನ್ವರ್ಷನ್ ವೇಲ್ಸ್‌ಗೆ ಸಾಕಾಗುತ್ತಿರಲಿಲ್ಲ. ಕೊನೆಯ ಗಳಿಗೆಯಲ್ಲಿ ವೇಲ್ಸ್‌ನ ಸ್ಕಾಟ್ ಗಿಬ್ಸ್ ರಕ್ಷಕರನ್ನು ತಪ್ಪಿಸಿ ಗೆರೆ ದಾಟಿದರು. 31–30. ಕನ್ವರ್ಷನ್ ತಪ್ಪಿದ್ದರೆ ಗಿಬ್ಸ್ ಅವರ ಓಟ ಒಂದು ಸುಂದರ ಸೋಲಿನ ಕತೆಯಾಗಿ ಉಳಿಯುತ್ತಿತ್ತು. ಸುಮಾರು ಎಂಬತ್ತು ನಿಮಿಷ ಟ್ಯಾಕಲ್ ಮಾಡಿ, ಟ್ಯಾಕಲ್‌ಗೆ ಸಿಕ್ಕಿ, ಏದುಸಿರು ಬಿಡುತ್ತಿರುವವರು ಉಸಿರನ್ನು ಹತೋಟಿಗೆ ತಂದು, ಇಡೀ ದೇಶ ನೋಡುತ್ತಿರುವಾಗ ಒಬ್ಬರೇ ನಿಂತು ಒದೆಯಬೇಕು. ಜೆಂಕಿನ್ಸ್ ಒದ್ದರು. 32–31.

ಓಡಲು ಬಾರದವರು ಎನ್ನುವವರಿಗೆ 2001ರ ಪ್ಯಾರಿಸ್ ಪಂದ್ಯವನ್ನು ನೋಡಲು ಹೇಳುತ್ತೇನೆ. ವೇಲ್ಸ್ 43–35ರಿಂದ ಗೆದ್ದ ಆ ದಿನ ಟ್ರೈ, ಕನ್ವರ್ಷನ್, ಪೆನಾಲ್ಟಿ, ಡ್ರಾಪ್ ಗೋಲ್ ನಾಲ್ಕೂ ಬಗೆಯಲ್ಲಿ ಅವರು ಒಟ್ಟು 28 ಅಂಕ ಗಳಿಸಿದರು.

ವೇಲ್ಸ್ ಮತ್ತು ಲಯನ್ಸ್ ಎರಡೂ ಸೇರಿ ಅವರ ಲೆಕ್ಕ 1,090 ಅಂಕ. ಆ ವಿಶ್ವದಾಖಲೆಯನ್ನು 2008ರಲ್ಲಿ ಇಂಗ್ಲೆಂಡಿನ ಜಾನಿ ವಿಲ್ಕಿನ್ಸನ್ ಮುರಿದರು. ನಿವೃತ್ತಿಯ ನಂತರ ಜೆಂಕಿನ್ಸ್ ಕಿಕ್ಕಿಂಗ್ ಕೋಚ್ ಆದರು. 1997ರ ಲಯನ್ಸ್ ಸರಣಿಯ ಮೂರು ಟೆಸ್ಟ್‌ಗಳಲ್ಲಿ ಅವರು ಗಳಿಸಿದ 41 ಅಂಕಗಳ ದಾಖಲೆ 2013ರಲ್ಲಿ, ಆಸ್ಟ್ರೇಲಿಯಾದಲ್ಲಿ ಮುರಿಯಿತು. 49 ಅಂಕ ಗಳಿಸಿ ಅದನ್ನು ದಾಟಿದವರು ಲೀ ಹಾಫ್‌ಪೆನಿ. ಆ ಪ್ರವಾಸದಲ್ಲಿ ಅವರಿಗೆ ಕಿಕ್ಕಿಂಗ್ ಹೇಳಿಕೊಡುತ್ತಿದ್ದವರು ಜೆಂಕಿನ್ಸ್ ಅವರೇ.